ಗುಮಾಸ್ತನ ಕೈಗೆ ಹಚ್ಚಿದ ಮಸಿ

ನನ್ನ ಮೊದಲ ಕಾದಂಬರಿಯಲ್ಲಿ ಓದಿದವರೆಲ್ಲ ಮೆಚ್ಚಿದ ಒಂದು ದೃಶ್ಯವಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಲಿರುವ ಹಳ್ಳಿಯ ಮುದುಕನೊಬ್ಬ ಭೂಸ್ವಾಧೀನ ಕಚೇರಿಗೆ ಬರುತ್ತಾನೆ. ಓದು ಬರಹ ಬರದವನು. ಎಲೆಯಡಿಕೆ ಜಗಿಯುತ್ತ ಕುಳಿತ ಗುಮಾಸ್ತ ಅವನ ಎಡಗೈ ಹಿಡಿದೆಳೆದು, ಹೆಬ್ಬೆರಳನ್ನು ನೇರಳೆ ಮಸಿಯ ಪ್ಯಾಡಿಗೆ ಒತ್ತಿ, ಕಾಗದದಲ್ಲಿ ಏನಿದೆ ಎಂದು ಹೇಳದೆಯೇ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾನೆ. ಮುದುಕ ಹೊರಗೆ ಬಂದು ಬೆರಳಿಗೆ ಅಂಟಿದ ಮಸಿಯನ್ನು ತನ್ನ ಬಿಳಿ ರುಮಾಲಿಗೆ ಒರೆಸಿಕೊಳ್ಳುತ್ತಾನೆ. ಪುಸ್ತಕದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಆ ರುಮಾಲಿನ ಮಾತೆತ್ತಿದರು. ರೈತನ ಮಾನಕ್ಕೆ ಸರ್ಕಾರ ಬಳಿದ ಕಲೆ ಅದು ಎಂದರು. ಒಂದು ಬಹುಮಾನ ಬಂತು. ಅದರ ಬಿನ್ನವತ್ತಳೆಯಲ್ಲೂ ಆ ದೃಶ್ಯದ ಹೆಸರಿತ್ತು.

ಅದು ಪೂರ್ತಿ ಕಟ್ಟಿದ್ದಲ್ಲ, ನಾನು ಕಂಡದ್ದು. ಆದರೆ ಅಲ್ಲಿ ಮುದುಕ ಇರಲಿಲ್ಲ, ನನ್ನ ಸೋದರತ್ತೆ ಇದ್ದಳು. ಅವಳ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದವನು ನಾನು.

ನಮ್ಮದು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಊರು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ದಿನದಿಂದ ಅದು ಮುಳುಗುವ ಊರು ಎನಿಸಿಕೊಂಡಿತು. ನಾನು ಹುಟ್ಟಿದ್ದೇ ಆಮೇಲೆ. ಮುಳುಗುತ್ತದೆ ಎಂದು ಗೊತ್ತಿದ್ದೂ ದಶಕಗಟ್ಟಲೆ ಮುಳುಗದೆ ನಿಂತ ಊರಿನಲ್ಲಿ ಬೆಳೆಯುವುದು ಹೇಗಿರುತ್ತದೆ ಎಂದು ಹೊರಗಿನವರಿಗೆ ಹೇಳುವುದು ಕಷ್ಟ. ಯಾರೂ ಹೊಸ ಮನೆ ಕಟ್ಟುತ್ತಿರಲಿಲ್ಲ. ಸೋರುವ ಮಾಳಿಗೆಗೆ ಮಣ್ಣು ಹಾಕಿಸಲಿಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಹೆಣ್ಣು ಕೇಳಲು ಹೋದರೆ, ಮುಳುಗಡಿ ಊರಿಗೆ ಹೆಂಗ ಕೊಡೂದ್ರಿ ಎಂದು ವಾಪಸು ಕಳಿಸುತ್ತಿದ್ದರು. ಸರ್ವೆಯವರು ಬಂದು ಕಲ್ಲು ನೆಟ್ಟು ಹೋಗುವರು, ದನ ಕಾಯುವ ಹುಡುಗರು ಕಿತ್ತು ಹಾಕುವರು. 2000ದಲ್ಲಿ ಸುಪ್ರೀಂ ಕೋರ್ಟು ನೀರನ್ನು 519.60 ಮೀಟರಿನವರೆಗೆ ನಿಲ್ಲಿಸಬಹುದು ಎಂದಾಗ, ಶಾಲೆಗೆ ಹೋಗದ ಮುದುಕಿಯರ ಬಾಯಲ್ಲೂ ಆ ಅಂಕಿ ನಿಂತುಬಿಟ್ಟಿತು. ‘ಐನೂರಾ ಹತ್ತೊಂಬತ್ತಕ್ಕ ನಮ್ಮ ಹಿತ್ತಲಾ ಹ್ವಾತು’ ಎಂದು ಹೇಳುತ್ತಿದ್ದರು.

ಪರಿಹಾರದ ರೊಕ್ಕ ಬರುವ ಕಾಲಕ್ಕೆ ಮುತ್ಯಾ ತೀರಿಕೊಂಡಿದ್ದ. ವಾರಸಾ ಹಚ್ಚುವಾಗ ಹೊಲದ ಉತಾರದಲ್ಲಿ ಅಪ್ಪ, ಕಾಕಾ, ಇಬ್ಬರ ಜೊತೆಗೆ ಅತ್ತಿಯ ಹೆಸರೂ ಕೂತಿತ್ತು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಟ್ಟ ನಮ್ಮ ರಾಜ್ಯದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಿತ್ತಾದರೂ ಅದಕ್ಕಿಂತ ಮೊದಲೇ ಮದುವೆಯಾದವರಿಗೆ ಅದು ಸಲ್ಲುತ್ತಿರಲಿಲ್ಲ. ಆದರೂ 1956ರ ಕಾಯ್ದೆಯ ಪ್ರಕಾರ ತಂದೆಯ ಪಾಲಿನೊಳಗೆ ಅತ್ತಿಗೆ ಒಂದು ಪಾಲಿತ್ತು. ಸಣ್ಣದು. ಆದರೆ ಅದು ಇರುವತನಕ ಪರಿಹಾರ ಹಂಚುವಾಗ ಅವಳನ್ನೂ ಕೂರಿಸಬೇಕು, ಅವಳ ಹೆಸರಿಗೂ ಚೆಕ್ಕು ಬರೆಯಬೇಕು. ಊರ ತುಂಬ ಆಗ ಇದೇ ಕೆಲಸ ನಡೆದಿತ್ತು. ಗಂಡನ ಮನೆಯಲ್ಲಿದ್ದ ಅಕ್ಕತಂಗಿಯರನ್ನು ಟ್ರಾಕ್ಟರಿನಲ್ಲಿ, ಟೆಂಪೋದಲ್ಲಿ ಕರೆತಂದು, ಊಟ ಹಾಕಿ, ಸೀರೆ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿಸಿ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಅತ್ತಿಗೆ ಒಂದು ಇಲಕಲ್ ಸೀರೆ ತಂದರು. ಕಡುಗೆಂಪು ಸೆರಗಿನ, ತೋಪ್ ತೆನಿಯದು.

ನಾನು ಆಗ ಡಿಗ್ರಿ ಮುಗಿಸಿ ಬಿ.ಎಡ್. ಸೇರಲು ಹೊರಟಿದ್ದವನು. ಮನೆಯಲ್ಲಿ ಕಾಗದ ಓದಲು ಬರುತ್ತಿದ್ದವನು ನಾನೇ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಬೇವಿನ ಗಿಡದ ನೆರಳಿಗೆ ಬಾಂಡ್ ಬರೆಯುವವರು ಮೇಜು ಹಾಕಿಕೊಂಡು ಕೂತಿದ್ದರು. ಅಪ್ಪ ಮತ್ತು ಕಾಕಾ ಚಹದ ಅಂಗಡಿಯ ಹತ್ತಿರ ನಿಂತರು. ‘ಹೆಬ್ಬಟ್ಟ ಹಚ್ಚಸ್ಕೊಂಡ ಬಾ’ ಎಂದು ನನ್ನನ್ನು ಕಳಿಸಿದರು. ಕಾಗದ ನಾನು ಓದಿಕೊಂಡೆ, ಮನಸ್ಸಿನಲ್ಲೇ. ಅತ್ತಿಗೆ ಹೇಳಿದ್ದು ಇಷ್ಟು: ‘ಹೊಲದ ಪರಿಹಾರದ ಕಾಗದ ಅತ್ತಿ.’ ಅವಳ ಎಡಗೈಯ ಹೆಬ್ಬೆರಳನ್ನು ಹಿಡಿದು ಪ್ಯಾಡಿನ ಮೇಲೆ ಈ ಬದಿಯಿಂದ ಆ ಬದಿಗೆ ಹೊರಳಿಸಿ ಕಾಗದಕ್ಕೆ ಒತ್ತಿದೆ. ಶೇಂಗಾ ಕೀಳುವ ದಿನಗಳು, ಬೆರಳಿನ ತುದಿಯೆಲ್ಲ ಬಿರುಕು ಬಿಟ್ಟಿತ್ತು. ಗೆರೆ ಸರಿಯಾಗಿ ಮೂಡಲಿಲ್ಲವೆಂದು ಬಾಂಡ್ ಬರೆಯುವವ ಇನ್ನೊಮ್ಮೆ ಒತ್ತಿಸು ಎಂದ. ಮತ್ತೆ ಒತ್ತಿಸಿದೆ. ಅವಳು ಆ ಮಸಿಯನ್ನು, ನಮ್ಮ ಕಡೆ ಹೆಂಗಸರು ಮಾಡುವ ಹಾಗೆ, ಎಣ್ಣೆ ಹಚ್ಚಿ ಬಾಚಿದ್ದ ತಲೆಗೂದಲಿಗೆ ಒರೆಸಿಕೊಂಡಳು.

ಒಳಗೆ ಹೋದಾಗ ಅಲ್ಲೊಬ್ಬ ಚಿಕ್ಕ ವಯಸ್ಸಿನ ಗುಮಾಸ್ತನಿದ್ದ. ಕಾಗದ ನೋಡಿ, ಅತ್ತಿಯ ಮುಖ ನೋಡಿ, ‘ಅಕ್ಕಾರ, ಇದರಾಗ ಏನ ಬರದಾರ ಓದಿ ಹೇಳ್ಯಾರೇನ್ರಿ ನಿಮಗ?’ ಎಂದು ಕೇಳಿದ. ಅತ್ತಿ ನನ್ನ ಕಡೆ ನೋಡಿದಳು. ‘ಹೇಳೇನ್ರಿ ಸರ್’ ಎಂದೆ ನಾನು. ಅವನು ನನ್ನನ್ನು ಬಿಟ್ಟು ಅವಳನ್ನೇ ಇನ್ನೊಮ್ಮೆ ಕೇಳಿದ. ‘ನಮ್ಮ ಹುಡುಗ ಹೇಳ್ಯಾನ್ರಿ’ ಎಂದಳು ಅತ್ತಿ.

ಈ ಘಟನೆಯನ್ನು ಹತ್ತಾರು ವರ್ಷ ಎದೆಯಲ್ಲಿಟ್ಟುಕೊಂಡೇ ನಾನು ಲೇಖಕನಾದೆ. ಕಾದಂಬರಿ ಬರೆಯಲು ಕೂತಾಗ ಮೊದಲು ಬಂದದ್ದು ಅದೇ ಹೆಬ್ಬೆರಳು. ಬಿರುಕು ಬಿಟ್ಟ ಚರ್ಮ, ಮೂಡದ ಗೆರೆ, ಎರಡನೆಯ ಸಲ ಒತ್ತಿಸಿದ್ದು, ಎಲ್ಲವೂ ಬಂತು. ಆ ಕೈ ಹಿಡಿದ ಕೈ ಯಾರದು ಎನ್ನುವಲ್ಲಿಗೆ ಬಂದಾಗ ನನ್ನ ಪೆನ್ನು ಒಂದು ಗಳಿಗೆಯೂ ತಡೆಯದೆ ಅದನ್ನು ಗುಮಾಸ್ತನ ಕೈಗೆ ದಾಟಿಸಿಬಿಟ್ಟಿತು. ಹೀಗೆ ದಾಟಿಸಿದ್ದು ಬರೆಯುವಾಗ ನನ್ನ ಅರಿವಿಗೇ ಬರಲಿಲ್ಲ. ಸರ್ಕಾರದ ವಿರುದ್ಧ, ಮುಳುಗಿದವರ ಪರವಾಗಿ ಬರೆಯುತ್ತಿದ್ದೇನೆ ಎನ್ನುವ ಉಮೇದಿನಲ್ಲಿದ್ದೆ. ಬರೆದದ್ದಕ್ಕೆ ನೈತಿಕ ಬಲ ಬರುವುದು ನಾವು ಯಾರ ಪರ ನಿಂತಿದ್ದೇವೆ ಎನ್ನುವುದರಿಂದ ಎಂದು ತಿಳಿದಿದ್ದೆ.

ಹಾಗೆ ತಿಳಿಯಲು ಕಾರಣವೂ ಇತ್ತು. ಕಾಲೇಜಿನಲ್ಲಿ ನನಗೆ ಸಾಹಿತ್ಯದ ರುಚಿ ಹತ್ತಿಸಿದ ಮೇಷ್ಟರುಗಳು 1979ರ ಬಂಡಾಯ ಸಂಘಟನೆಯ ಬಿಸಿಯಲ್ಲಿ ಬೆಳೆದವರು. ಬರೆಯುವವನು ಎಲ್ಲಿ ನಿಂತು ಬರೆಯುತ್ತಾನೆ ಎನ್ನುವ ಪ್ರಶ್ನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದವರು ಅವರು. ಆ ಋಣವನ್ನು ನಾನು ಮರೆಯಲಾರೆ. ಆ ಪ್ರಶ್ನೆ ಇವತ್ತಿಗೂ ಸರಿಯಾದದ್ದೇ. ಆದರೆ ನಾನು ಅದಕ್ಕೆ ಬಹಳ ಸುಲಭದ ಉತ್ತರ ಕೊಟ್ಟುಕೊಂಡೆ. ನಿಂತ ಜಾಗ ಸರಿಯಿದ್ದರೆ ಬರೆದದ್ದೆಲ್ಲ ಸರಿ ಎಂದುಕೊಂಡೆ. ನಮ್ಮ ಊರು ಅನ್ಯಾಯಕ್ಕೊಳಗಾದದ್ದು ನಿಜ. ಅದೇ ಊರು ತನ್ನ ಹೆಣ್ಣುಮಕ್ಕಳಿಗೆ ಅದೇ ವರ್ಷ, ಅದೇ ರೊಕ್ಕದ ವಿಷಯದಲ್ಲಿ ಅನ್ಯಾಯ ಮಾಡುತ್ತಿದ್ದದ್ದೂ ಅಷ್ಟೇ ನಿಜ. ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಹಂಚುವಾಗ, ಹಳೆ ಊರಲ್ಲಿ ಇದ್ದಂತೆಯೇ ಕೇರಿಯವರನ್ನು ಮತ್ತೆ ಅಂಚಿಗೆ ಹಾಕಬೇಕೆಂದು ನಮ್ಮ ಹಿರಿಯರು ಅಧಿಕಾರಿಗಳ ಹತ್ತಿರ ಓಡಾಡಿದ್ದೂ ನನಗೆ ಗೊತ್ತಿತ್ತು. ಇದೆಲ್ಲ ಬಂದರೆ ನಮ್ಮ ಕಡೆಯ ವಾದ ಸಡಿಲಾಗುತ್ತದೆ ಎಂದು ಬಿಟ್ಟೆ. ಮುಳುಗಡೆಯ ಹೋರಾಟಕ್ಕೆ ಪೆಟ್ಟು ಬೀಳಬಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ.

ಕಾದಂಬರಿ ಹಾಗೆ ಕೇಳುವುದಿಲ್ಲ. ಬಿಟ್ಟದ್ದಕ್ಕೆ ಬದಲಾಗಿ ಅದು ಬೇರೇನನ್ನೋ ತುಂಬಿಕೊಳ್ಳುತ್ತದೆ. ಈಗ ನನ್ನ ಪುಸ್ತಕವನ್ನು ಹಿಡಿದು ನೋಡಿದರೆ ಎಲ್ಲೆಲ್ಲಿ ತಪ್ಪಿಸಿಕೊಂಡೆನೋ ಅಲ್ಲೆಲ್ಲ ಕಸುಬಿನ ಒಂದೊಂದು ಗುರುತು ಉಳಿದಿದೆ. ಆ ಕಥೆಯನ್ನು ಹೇಳುವವನು ಹನ್ನೆರಡು ವರ್ಷದ ಹುಡುಗ. ಹುಡುಗನ ಕಣ್ಣಿನಿಂದ ಹೇಳಿದ್ದರಿಂದ ಭಾಷೆಗೆ ತಾಜಾತನ ಬಂದಿದೆ ಎಂದು ಹೊಗಳಿದರು. ಹನ್ನೆರಡು ವರ್ಷದ ಹುಡುಗ ಯಾವ ಕಾಗದಕ್ಕೂ ಸಾಕ್ಷಿಯಾಗುವುದಿಲ್ಲ, ಯಾರ ಕೈಯನ್ನೂ ಹಿಡಿದು ಒತ್ತಿಸುವುದಿಲ್ಲ. ಅವನು ನೋಡುತ್ತಾನೆ, ಅಳುತ್ತಾನೆ, ಅಷ್ಟೇ. ಅವನ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ಹೊಣೆ ಬೇಡವಾಗಿತ್ತು, ಅದಕ್ಕೇ ಅವನನ್ನು ಆರಿಸಿಕೊಂಡಿದ್ದೆ. ದೃಷ್ಟಿಕೋನ ಎನ್ನುವುದನ್ನು ನಾವು ಕಥನ ತಂತ್ರದ ಪಾಠದಲ್ಲಿ ಕಲಿಸುತ್ತೇವೆ. ಅದನ್ನು ಆರಿಸುವಾಗ ಬರೆಯುವವನು ತನಗಾಗಿ ಏನನ್ನು ಬಚ್ಚಿಡುತ್ತಿದ್ದಾನೆ ಎಂದು ಕೇಳುವುದನ್ನು ಮಾತ್ರ ಕಲಿಸುವುದಿಲ್ಲ.

ರುಮಾಲೂ ಹಾಗೆಯೇ. ನಿಜದಲ್ಲಿ ಇದ್ದದ್ದು ಎಣ್ಣೆ ಹಚ್ಚಿದ ಕೂದಲು. ಅದು ಯಾವುದರ ಸಂಕೇತವೂ ಅಲ್ಲ. ಮಸಿ ಒರೆಸಲು ಹತ್ತಿರ ಸಿಕ್ಕ ಜಾಗ, ಕಪ್ಪಿನಲ್ಲಿ ಕಲೆ ಕಾಣುವುದಿಲ್ಲ, ಸೀರೆ ಕೆಡುವುದಿಲ್ಲ. ಅದರಲ್ಲಿ ಒಬ್ಬ ಹೆಣ್ಣುಮಗಳ ದಿನಬಳಕೆಯ ಜಾಣತನವಿದೆ. ನಾನು ಅದನ್ನು ತೆಗೆದು, ಅರ್ಥ ಕೂಡಲೇ ಹೊಳೆಯುವಂಥ ಬಿಳಿ ರುಮಾಲು ಇಟ್ಟೆ. ಅಪರಾಧದ ಜಾಗ ಬದಲಿಸಿದ ಕಡೆಯಲ್ಲೇ ಸಂಕೇತ ಇಷ್ಟು ಸಲೀಸಾಗಿ ಒದಗಿ ಬಂದದ್ದು ಆಕಸ್ಮಿಕವೆಂದು ನನಗೆ ಈಗ ಅನಿಸುವುದಿಲ್ಲ. ಇನ್ನು ಆ ಗುಮಾಸ್ತ. ಅವನಿಗೆ ಹೆಸರಿಲ್ಲ, ಮನೆಯಿಲ್ಲ, ಕೆಂಪು ಹಲ್ಲು ಮಾತ್ರ ಇವೆ. ಅವನ ಮೇಜಿನ ಮೇಲೆ ಊಟದ ಡಬ್ಬಿಯನ್ನೂ ನಾನು ಇಟ್ಟಿರಲಿಲ್ಲ.

ಪುಸ್ತಕ ಬಂದ ಮೇಲೆ ಅತ್ತಿಗೆ ಒಂದು ಪ್ರತಿ ಕೊಡಲು ಮುಧೋಳ ಕಡೆಯ ಅವಳ ಊರಿಗೆ ಹೋದೆ. ‘ನನಗೇನ ಓದಾಕ ಬರತೈತಿ, ನೀನ ಓದು’ ಎಂದಳು. ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಹೆಬ್ಬೆಟ್ಟಿನ ಭಾಗವನ್ನೇ ಆರಿಸಿ ಓದಿದೆ. ಯಾಕೆ ಅದನ್ನೇ ಆರಿಸಿದೆ ಎಂದರೆ ಅದು ಎಲ್ಲರೂ ಮೆಚ್ಚಿದ ಭಾಗ, ಅಷ್ಟೇ. ಅದರಲ್ಲಿ ಅವಳು ತನ್ನನ್ನು ಗುರುತಿಸಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಓದಿ ಮುಗಿಸಿದೆ. ಮೊರದ ಸದ್ದು ನಿಂತಿತ್ತು.

‘ಅಲ್ಲೋ ತಮ್ಮಾ,’ ಎಂದಳು, ‘ಆ ಕಚೇರಿ ಹುಡುಗ ಭಾಳ ಒಳ್ಳೆಯವ ಇದ್ದನಲ್ಲೋ. ಓದಿ ಹೇಳ್ಯಾರೇನ ಅಂತ ಎಲ್ಡು ಸಲ ಕೇಳಿದ್ದ. ಅವನ್ನ್ಯಾಕ ಹಿಂಗ ಮಾಡ್ದಿ?’

ಅವಳ ದನಿಯಲ್ಲಿ ನನ್ನ ಮೇಲೆ ದೂರು ಇರಲಿಲ್ಲ. ಯಾರೋ ಪರಿಚಯವಿಲ್ಲದ ಸರ್ಕಾರಿ ನೌಕರನಿಗೆ ಅನ್ಯಾಯವಾಯಿತಲ್ಲ ಎಂಬ ನಿಜವಾದ ಪೇಚಾಟವಿತ್ತು. ಕಾದಂಬರಿಯಲ್ಲಿ ಮುದುಕ, ಭೂಸ್ವಾಧೀನ ಕಚೇರಿ, ರುಮಾಲು, ಎಲ್ಲ ಬದಲಿಸಿದ್ದೆ. ಅದೆಲ್ಲವನ್ನೂ ದಾಟಿ ಆ ಬೇವಿನ ಗಿಡದ ದಿನಕ್ಕೆ ಅವಳು ನೇರವಾಗಿ ಹೋಗಿದ್ದಳು. ನಾನು ಏನು ಹೇಳಿದೆ ಎಂದು ನೆನಪಿಲ್ಲ. ಕಥೆಯಲ್ಲಿ ಹಾಗೆ ಬದಲಿಸಬೇಕಾಗುತ್ತದೆ ಅತ್ತಿ ಎಂದಿರಬೇಕು.

ಆಮೇಲೆ ಬಹಳ ಕಾಲ ಈ ಒಂದು ವಿಷಯ ನನ್ನನ್ನು ಕಾಡಿತು. ಬದಲಿಸುವುದು ಕಥೆಗಾರನ ಹಕ್ಕು, ಅದಿಲ್ಲದೆ ಕಲ್ಪನೆಯೇ ಇಲ್ಲ. ಗಂಡಸನ್ನು ಹೆಂಗಸು ಮಾಡಬಹುದು, ಊರನ್ನು ಬೇರೆ ನದಿಯ ದಂಡೆಗೆ ಒಯ್ಯಬಹುದು, ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಬಹುದು. ನಾನು ಮಾಡಿದ್ದು ಅದೇ ಅಲ್ಲವೇ? ಅದು ತಪ್ಪಾದದ್ದು ಎಲ್ಲಿ? ಉತ್ತರ ಹೊಳೆಯಲು ತಡವಾಯಿತು. ನಾನು ಬದಲಿಸಿದ್ದರಿಂದ ಆ ಕೆಲಸದ ಪಾಪ, ಕೆಣಕಿದರೆ ನೋಯುವ ಜಾಗದಿಂದ ಯಾರಿಗೂ ನೋಯದ ಜಾಗಕ್ಕೆ ಹೋಯಿತು. ಕಾದಂಬರಿ ಓದುವವರಲ್ಲಿ ಕಚೇರಿ ಗುಮಾಸ್ತನ ಮೇಲೆ ಪ್ರೀತಿಯಿರುವವರು ಯಾರೂ ಇಲ್ಲ. ಅಕ್ಕತಂಗಿಯರಿಂದ ಹಕ್ಕು ಬಿಡಿಸಿಕೊಂಡವರು, ಬಿಡಿಸಿಕೊಂಡ ಹೊಲದ ಫಸಲಿನಲ್ಲಿ ಓದಿದವರು ಮಾತ್ರ ಮನೆಮನೆಯಲ್ಲಿದ್ದಾರೆ. ನನ್ನ ಪುಸ್ತಕವನ್ನು ಅವರೆಲ್ಲ ಓದಿ ಕಣ್ಣೀರು ಹಾಕಿ, ತಾವೂ ನೊಂದವರ ಪಕ್ಷದವರೇ ಎಂದುಕೊಂಡು ಮುಚ್ಚಿಟ್ಟರು. ಬರೆದ ನಾನೂ ಅವರ ಜೊತೆ ಹಾಗೇ ಹೊರಬಂದೆ. ಗಂಭೀರವಾದ ಕಥೆ ಎಂದು ಕರೆಯಿಸಿಕೊಳ್ಳುವುದಕ್ಕೆ ಒಂದು ಉದ್ದೇಶ ಇರಬೇಕಾದರೆ, ನನ್ನ ಮಟ್ಟಿಗೆ ಅದು ಇಂಥ ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲು ಬರೆಯುವವನಿಗೆ, ಆಮೇಲೆ ಓದುವವನಿಗೆ ಮುಚ್ಚುವುದು.

ಇದನ್ನು ನನಗಿಂತ ಬಹಳ ಮೊದಲೇ ಬಲ್ಲವರು ನಮ್ಮಲ್ಲಿ ಬರೆದಿದ್ದಾರೆ. ನಾನು ಅವರನ್ನು ಓದಿದ್ದೆ, ಪಾಠವನ್ನೂ ಮಾಡಿದ್ದೆ. ಕಾರಂತರ ‘ಚೋಮನ ದುಡಿ’ 1933ರದು. ಉಳುವ ನೆಲ ಬೇಕೆಂಬ ಚೋಮನ ಆಸೆಯನ್ನು ನೆಲ ಇದ್ದವರು ಹೇಗೆ ಸಾಯಿಸಿದರು ಎಂದು ಹೇಳುವ ಕೃತಿಯಲ್ಲಿ ಕಾರಂತರು ಚೋಮನನ್ನು ಒಂದು ಗುಲಗಂಜಿಯಷ್ಟೂ ತೊಳೆದು ಇಡಲಿಲ್ಲ. ಅವನು ಕುಡಿಯುತ್ತಾನೆ, ಹಟ ಹಿಡಿಯುತ್ತಾನೆ. ಮನೆಯ ಸಾಲದ ಭಾರವನ್ನು ಹೊತ್ತ ಮಗಳು ಬೆಳ್ಳಿಯ ಮೇಲೆಯೇ ಅವನ ಸಿಟ್ಟು ಬೀಳುತ್ತದೆ. ಅನ್ಯಾಯ ಅನುಭವಿಸುವವನ ಕೈಯಿಂದಲೂ ಅನ್ಯಾಯ ನಡೆಯುತ್ತದೆ ಎಂದು ತೋರಿಸಿದ್ದರಿಂದ ಚೋಮನ ಪರವಾದ ವಾದ ಒಂದಿಷ್ಟೂ ಸಡಿಲಾಗಲಿಲ್ಲ. ಇಷ್ಟು ವರ್ಷ ನಿಂತಿದೆ.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿನ್ನುತ್ತಾರೆ. ಬಡತನವನ್ನು ಕುರಿತು ಬರೆಯುವ ಬೇರೊಬ್ಬ ಲೇಖಕನಾದರೆ, ನಾನಾಗಿದ್ದರೆ, ಆ ರಾತ್ರಿ ಉಪವಾಸವನ್ನು ಬರೆಯುತ್ತಿದ್ದೆ. ಕಳ್ಳತನ ಬಂದರೆ ಓದುಗನ ಕರುಣೆ ಕಡಿಮೆಯಾದೀತೆಂದು ಹೆದರುತ್ತಿದ್ದೆ. ಅಲ್ಲಿ ಹಾಗಿಲ್ಲ. ಸಿಪ್ಪೆ ಒಡೆಯುವ ಸದ್ದು, ಬೆಂಕಿಯ ಸುತ್ತ ಮಕ್ಕಳ ಸಡಗರ. ಮೂಟೆಯಲ್ಲಿ ತಂದದ್ದೆಲ್ಲ ಬೆಳಗಾಗುವುದರೊಳಗೆ ಹೊಟ್ಟೆ ಸೇರಿ, ಸಿಪ್ಪೆ ಸುಟ್ಟು ಬೂದಿಯಾಗಿರುತ್ತದೆ. ಆ ಮನೆಯ ಜನರನ್ನು ನಾವು ಕನಿಕರದಿಂದ ನೋಡಲು ಆಗುವುದೇ ಇಲ್ಲ, ಅವರ ಜೊತೆ ಕೂತು ತಿಂದುಬಿಡುತ್ತೇವೆ. ಒಬ್ಬರ ಬಗ್ಗೆ ಕನಿಕರ ಪಡುವುದಕ್ಕೂ ಅವರಿಗೆ ನ್ಯಾಯ ಸಲ್ಲಿಸುವುದಕ್ಕೂ ಇರುವ ದೂರ ಎಷ್ಟು ಎನ್ನುವುದನ್ನು ಆ ಕೆಲವು ಪುಟಗಳಷ್ಟು ಸ್ಪಷ್ಟವಾಗಿ ನನಗೆ ಇನ್ನಾವುದೂ ಕಲಿಸಿಲ್ಲ.

ಮುಳುಗಡೆಯ ಬಗ್ಗೆಯೇ ಬರೆದ ನಾ. ಡಿಸೋಜರನ್ನಂತೂ ನಾನು ಗುರುವೆಂದು ಭಾವಿಸಿದ್ದೆ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತ ಶರಾವತಿ ಯೋಜನೆಯನ್ನು ಒಳಗಿನಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಎರಡೂ ಆ ಅನುಭವದಿಂದ ಬಂದವು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದಾಗ ಅದಕ್ಕೆ ಸ್ವರ್ಣಕಮಲ ಬಂದದ್ದು ಬಹಳ ಜನರಿಗೆ ಗೊತ್ತು. ನನ್ನ ಕಾದಂಬರಿಗೆ ಮೊದಲು ‘ದ್ವೀಪ’ವನ್ನು ಓದಿದಾಗ ನಾನು ಏರುವ ನೀರನ್ನು ಹೇಗೆ ವರ್ಣಿಸಿದ್ದಾರೆ ಎಂದಷ್ಟೇ ನೋಡಿದ್ದೆ. ಅತ್ತಿಯ ಮಾತಿನ ನಂತರ ಮತ್ತೆ ಓದಿದೆ. ಗುಡ್ಡದ ಮೇಲೆ ಉಳಿದ ಆ ಮನೆಯಲ್ಲಿ ನೀರಿನ ಜೊತೆ ಜೊತೆಗೇ ಗಂಡನ ಸಂಶಯ ಏರುತ್ತ ಹೋಗುತ್ತದೆ. ಸರ್ಕಾರದ ಅಣೆಕಟ್ಟು ಕೆಳಗಿದೆ, ಹೆಂಡತಿಯನ್ನು ಒಂಟಿ ಮಾಡುವುದು ಮಾತ್ರ ಮನೆಯೊಳಗಿನ ಕಣ್ಣು. ಸರ್ಕಾರಿ ನೌಕರರಾಗಿದ್ದ ಅವರು ಸರ್ಕಾರದ ಯೋಜನೆಯ ಅನ್ಯಾಯವನ್ನು ಬರೆಯಲು ಅಂಜಲಿಲ್ಲ. ಮುಳುಗಿದವರ ಮನೆಯ ಅನ್ಯಾಯವನ್ನು ಬರೆಯಲೂ ಅಂಜಲಿಲ್ಲ. ಎರಡನೆಯದಕ್ಕೆ ಹೆಚ್ಚಿನ ಧೈರ್ಯ ಬೇಕೆಂದು ಈಗ ನನಗೆ ಗೊತ್ತು.

ತಪ್ಪು ತಿಳಿದ ಕೂಡಲೇ ಸರಿಯಾಗಿ ಬರೆಯಲು ಬಂತೇ ಎಂದರೆ ಇಲ್ಲ. ಮತ್ತೆ ಬರೆಯಲು ಕೂತಾಗ ನಾನು ಹುಡುಗನನ್ನು ತೆಗೆದು ಡಿಗ್ರಿ ಮುಗಿಸಿದ ಯುವಕನನ್ನು ತಂದೆ. ಅವನೇ ಹೆಬ್ಬೆಟ್ಟು ಒತ್ತಿಸಿದ. ಆಮೇಲೆ ಪುಟಗಟ್ಟಲೆ ಅವನ ಪಶ್ಚಾತ್ತಾಪ. ಅವನ ನಿದ್ದೆಗೆಟ್ಟ ರಾತ್ರಿಗಳು, ಅವನು ನದಿಯ ದಂಡೆಗೆ ನಿಂತು ತನ್ನನ್ನು ಬೈದುಕೊಳ್ಳುವುದು. ಓದಿಕೊಂಡಾಗ ಹೇಸಿಕೆಯಾಯಿತು. ಹೊಲ ಕಳೆದುಕೊಂಡವಳು ಅತ್ತಿ, ಕಾದಂಬರಿಯ ಜಾಗವೆಲ್ಲ ಮತ್ತೆ ನನಗೇ ಹೋಗಿತ್ತು. ಪಶ್ಚಾತ್ತಾಪ ಪಡುವವನು ತನ್ನನ್ನು ಎಷ್ಟು ಹಳಿದುಕೊಂಡರೂ ಕಥೆಯ ನಡುವೆ ನಿಂತಿರುವವನು ಅವನೇ. ಅತ್ತಿ ಎರಡು ವಾಕ್ಯಕ್ಕೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಮತ್ತೇನೂ ಮಾಡುತ್ತಿರಲಿಲ್ಲ. ನಿಜದ ಅತ್ತಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡದ್ದೇ ಅಪರೂಪ.

ಆಗ ನನಗೆ ಅರಿವಾದದ್ದು, ಅವಳ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎನ್ನುವುದು. ಆ ದಿನ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಮೋಸ ಹೋದವಳು ಎಂದು ತೀರ್ಮಾನ ಮಾಡಿ ಇಟ್ಟಿದ್ದೆ. ಕೊನೆಗೆ ಹೋಗಿ ಕೇಳಿದೆ. ನಾನು ಕ್ಷಮೆಯ ಮಾತನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ, ಅವಳಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ.

‘ನನಗ ಗೊತ್ತಿದ್ದಿಲ್ಲ ಅಂದ್ಕೊಂಡೀಯೇನ?’ ಎಂದಳು. ‘ಊರಾಗ ಎಲ್ಲಾ ಹೆಣ್ಮಕ್ಕಳದೂ ಅದ ನಡದಿತ್ತು. ಹೊಲಾ ಇಸ್ಕೊಂಡ ಮ್ಯಾಲ ಪಂಚಮಿಗೆ ಯಾರ ಕರೀತಾರೋ? ತವರಮನಿ ಬಾಗಲಾ ಮುಚ್ಚತೈತಿ. ಅದಕ ಒತ್ತೀನಿ.’

ನಾಗರ ಪಂಚಮಿಗೆ ಅಣ್ಣ ಬಂದು ಕರೆದೊಯ್ಯುವುದು, ಉಂಡಿ ಕಟ್ಟುವುದು, ಜೋಕಾಲಿ ಜೀಕುವುದು, ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅದು ಎಷ್ಟು ದೊಡ್ಡದು ಎಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಅತ್ತಿ ಲೆಕ್ಕ ಹಾಕಿದ್ದಳು. ಹೊಲದ ಪಾಲು ಒಂದು ಕಡೆ, ವರ್ಷಕ್ಕೊಮ್ಮೆ ತೆರೆಯುವ ಬಾಗಿಲು ಇನ್ನೊಂದು ಕಡೆ. ತಿಳಿದೇ ಬಾಗಿಲನ್ನು ಆರಿಸಿಕೊಂಡಿದ್ದಳು. ಆದರೆ ಊರು ಮುಳುಗಿತು. ಅಪ್ಪ ಪುನರ್ವಸತಿ ಕೇಂದ್ರಕ್ಕೆ ಹೋದ, ಕಾಕಾ ಬ್ಯಾರೆಯಾಗಿ ಬಾಗಲಕೋಟೆಯ ನವನಗರಕ್ಕೆ ಬಂದ. ಪರಿಹಾರ ಹೆಚ್ಚಿಸಿಕೊಳ್ಳಲು ಹಾಕಿದ ಕೇಸಿನ ರೊಕ್ಕದ ಸಲುವಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟರು. ಪಂಚಮಿಗೆ ಒಬ್ಬ ಕರೆದರೆ ಇನ್ನೊಬ್ಬನಿಗೆ ಸಿಟ್ಟು ಬರುತ್ತದೆಂದು ಇಬ್ಬರೂ ಕರೆಯುವುದನ್ನು ಬಿಟ್ಟರು. ಹೊಲ ಕೊಟ್ಟು ಉಳಿಸಿಕೊಂಡ ತವರು ಅವಳಿಗೆ ಕೆಲವು ಪಂಚಮಿಗಳಿಗಷ್ಟೇ ಒದಗಿತು.

ಈ ಕಥೆ ಆಲಮಟ್ಟಿಯ ನೀರಿಲ್ಲದೆ ಸಾಧ್ಯವಿರಲಿಲ್ಲ, ಹಾಗೆಯೇ ನಮ್ಮ ಮನೆಯಿಲ್ಲದೆಯೂ ಸಾಧ್ಯವಿರಲಿಲ್ಲ. ಮುಳುಗಡೆಯ ಕ್ರೌರ್ಯವನ್ನು ನನ್ನ ಇಡೀ ಕಾದಂಬರಿಗಿಂತ ಹೆಚ್ಚು ಹೇಳುವ ಕಥೆ ಇದು. ಇದು ನನ್ನ ಮನೆಯಲ್ಲೇ, ನಾನು ಕೇಳಿದ್ದರೆ ಮೊದಲೇ ಸಿಗುವಂತಿತ್ತು.

ಆ ರೊಕ್ಕ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದೂ ಕೇಳಿದೆ. ಮಗಳನ್ನು ಓದಿಸುತ್ತಿದ್ದೆ ಎನ್ನುತ್ತಾಳೆ ಎಂದು ನನ್ನೊಳಗಿನ ಲೇಖಕ ಕಾದು ಕೂತಿದ್ದ. ‘ಬೆಂಡ್ವಾಲಿ ಮಾಡಸ್ತಿದ್ನಿ’ ಎಂದಳು. ‘ನಮ್ಮ ನೆಗೆಣ್ಣಿ ತನ್ನ ಬೆಂಡ್ವಾಲಿ ತೋರಿಸಿ ತೋರಿಸಿ ಮೆರೀತಿದ್ಳು. ಅಕಿಗಿಂತ ಒಂದ ಗುಂಜಿ ಹೆಚ್ಚ ತೂಕದ್ದು.’ ಹೇಳುವಾಗ ಅವಳ ಮುಖದಲ್ಲಿ ಬಂದ ಕಳೆಯನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಓರಗಿತ್ತಿಯ ಮೇಲಿನ ಹಳೆಯ ಪಂತಕ್ಕಾಗಿ ಬಂಗಾರ ಬಯಸುವ ಹೆಣ್ಣುಮಗಳು ನನ್ನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಹಕ್ಕು ಎನ್ನುವುದು ಒಳ್ಳೆಯ ಕೆಲಸಕ್ಕೆ ಬಳಸುವವರಿಗೆ ಮಾತ್ರ ಸಿಗಬೇಕಾದದ್ದು ಎಂದು ನನ್ನ ಒಳಗೆಲ್ಲೋ ಕೂತಿತ್ತು. ಅತ್ತಿಯ ಬೆಂಡ್ವಾಲಿ ಅದನ್ನು ಕಿತ್ತುಹಾಕಿತು. ಅವಳ ರೊಕ್ಕ, ಅವಳ ಕಿವಿ. ಹೊಸ ಬರಹದಲ್ಲಿ ಅತ್ತಿ ಮೊದಲ ಸಲ ಎದ್ದು ಓಡಾಡಿದ್ದು ಆ ಮಾತಿನ ನಂತರ.

ಇದನ್ನೆಲ್ಲ ಈಗ ಹೇಳಬೇಕೆನಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಈಗ ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲೂ ಐನೂರಾ ಇಪ್ಪತ್ನಾಲ್ಕರದೇ ಮಾತು. ಮತ್ತೆ ಊರುಗಳು ಕಾಯುತ್ತ ಕೂತಿವೆ, ಮತ್ತೆ ಉತಾರ, ವಾರಸಾ, ಬಾಂಡು. 2005ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಹೆಣ್ಣುಮಕ್ಕಳ ಪಾಲು ಗಟ್ಟಿಯಾಗಿದೆ. ಅಷ್ಟೇ ಗಟ್ಟಿಯಾಗಿ ಹಕ್ಕು ಬಿಟ್ಟ ಪತ್ರಗಳನ್ನೂ ಬರೆಸಿಕೊಳ್ಳುವರು. ನನ್ನ ಹಾಗೆ ಓದಿದ ಹುಡುಗರು ಅಕ್ಕಂದಿರನ್ನು, ಅತ್ತಿಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಚೇರಿಗೆ ಬರುವರು. ಒಂದು ಕಾದಂಬರಿ ಅದನ್ನು ತಡೆಯುತ್ತದೆ ಎಂಬ ಭ್ರಮೆ ನನಗಿಲ್ಲ. ಅವರಲ್ಲಿ ಒಬ್ಬ ಹುಡುಗನಾದರೂ ಆ ಕಾಗದವನ್ನು ಜೋರಾಗಿ ಓದಿ ಹೇಳುವಂತಾದರೆ ಸಾಕು ಎಂದು ಆಸೆಪಡುತ್ತೇನೆ. ಮೊದಲ ಪುಸ್ತಕ ಅಂಥ ಹುಡುಗನನ್ನು ಮುಟ್ಟುವುದು ಸಾಧ್ಯವೇ ಇರಲಿಲ್ಲ. ಅವನು ಅದರಲ್ಲಿ ಇರಲೇ ಇಲ್ಲ.

ಹೊಸ ಕಾದಂಬರಿಯ ಅಧ್ಯಾಯಗಳನ್ನು ಬರೆದಂತೆಲ್ಲ ಅತ್ತಿಗೆ ಓದಿ ಹೇಳುತ್ತಿದ್ದೇನೆ. ಗುಮಾಸ್ತನ ಪ್ರಶ್ನೆಯನ್ನು ಅವನ ಬಾಯಿಗೇ ವಾಪಸು ಕೊಟ್ಟಿದ್ದೇನೆ. ಅವನ ಊಟದ ಡಬ್ಬಿ, ಅವನು ಬರುವ ಬಸ್ಸು, ಎಲ್ಲ ಬಂದಿದೆ. ಅತ್ತಿಗೆ ಅದು ಸಮಾಧಾನ ತಂದಿತು. ಆದರೆ ಅಪ್ಪನನ್ನು ಕುರಿತ ಅಧ್ಯಾಯವನ್ನು ಓದಿದಾಗ ತಲೆಯಾಡಿಸಿದಳು. ಚಹದ ಅಂಗಡಿಯ ಹತ್ತಿರ ನಿಂತು ನನ್ನನ್ನು ಮುಂದೆ ಮಾಡಿ ಕಳಿಸಿದ ಅಪ್ಪನನ್ನು ನಾನು ಈ ಸಲ ಬಿಟ್ಟಿರಲಿಲ್ಲ. ‘ಅಷ್ಟ ಕೆಟ್ಟವನ್ನ ಮಾಡಬ್ಯಾಡ ನಿಮ್ಮಪ್ಪನ್ನ’ ಎಂದಳು. ‘ನಾ ಹೆರಿಗ್ಯಾಗ ಸಾಯಾಕ ಬಿದ್ದಾಗ ಹುಬ್ಬಳ್ಳಿ ದವಾಖಾನಿಗೆ ರೊಕ್ಕ ಎಲ್ಲಿಂದ ತಂದಾ ಕೇಳೀಯೇನ? ಜೋಡ ಎತ್ತಿನಾಗ ಒಂದನ್ನ ಮಾರಿ ಬಂದಿದ್ದ.’

ನನಗೆ ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ, ಈಗ ಅಪ್ಪ ಇಲ್ಲ. ಗುಮಾಸ್ತನಿಗೆ ಮಾಡಿದ್ದನ್ನೇ ಅಪ್ಪನಿಗೆ ಮಾಡುವುದರಲ್ಲಿದ್ದೆ. ತಂಗಿಗಾಗಿ ಎತ್ತು ಮಾರಿದವನು, ತಂಗಿಯಿಂದ ಹೊಲ ಬರೆಸಿಕೊಂಡವನು ಒಬ್ಬನೇ ಮನುಷ್ಯ. ಹೊಲ ಬರೆಸಿಕೊಳ್ಳುವಾಗ ಅವನಿಗೆ ಆ ಎತ್ತು ನೆನಪಿತ್ತೇ, ಹೆಬ್ಬೆಟ್ಟು ಒತ್ತುವಾಗ ಅತ್ತಿಗೆ ನೆನಪಿತ್ತೇ ಎಂದು ತಿಳಿಯದೆ ಆ ಅಧ್ಯಾಯ ಬರೆಯುವ ಹಾಗಿಲ್ಲ. ಎತ್ತನ್ನು ಯಾವ ಸಂತೆಯಲ್ಲಿ ಕೊಟ್ಟ, ಒಂಟಿ ಎತ್ತು ಇಟ್ಟುಕೊಂಡು ಆ ವರ್ಷದ ಹಿಂಗಾರಿ ಬಿತ್ತನೆ ಹೇಗೆ ಮಾಡಿದ, ಯಾರ ಎತ್ತನ್ನು ಮುಯ್ಯಿಗೆ ಕೇಳಿದ, ಇದು ಕಾಕಾನಿಗೆ ಮಾತ್ರ ಗೊತ್ತು. ನಾನು ಮನೆಯ ವಿಷಯ ಬರೆಯುತ್ತಿದ್ದೇನೆಂದು ತಿಳಿದ ಮೇಲೆ ಕಾಕಾ ನನ್ನ ಫೋನು ಎತ್ತುವುದಿಲ್ಲ. ನವನಗರದ ಅವನ ಮನೆ ನನ್ನ ಮನೆಯಿಂದ ನಾಲ್ಕು ಸೆಕ್ಟರು ಆಚೆಗಿದೆ. ಬರುವ ಭಾನುವಾರ ಹೋಗುತ್ತೇನೆ.